ಹೆರಿಗೆಗೆ ತವರಿಗೆ ಬರೋ ಮೀನು

ವೇಲ್ ಶಾರ್ಕ್ ಅಂತ ಹೆಸರು ಕೇಳಿದ್ರೆ ಅದು ತಿಮಿಂಗಿಲಾನೋ ಶಾರ್ಕೋ ಅಂತ ಗೊಂದಲ ಆಗುತ್ತೆ, ಆದ್ರೆ ಅದು ಅಪ್ಪಟ ಮೀನು, ನಮ್ಮ ಕರಾವಳಿಯವರು ತಾಟೆ ಅಂತಾರಲ್ಲ ಅದೇ ಕುಲ, ಕಿವಿರಲ್ಲೇ ಉಸಿರಾಟ, ಮೈಯಲ್ಲಿ ಒಂದು ಗಟ್ಟಿ ಮೂಳೆ ಇಲ್ಲ. ಪ್ರಪಂಚದ ಮೀನುಗಳಲ್ಲೆಲ್ಲ ಇದೇ ದೊಡ್ಡದು, ಒಂದು ಬಸ್ಸಿನಷ್ಟು ಉದ್ದ ಅಂದ್ಕೊಳ್ಳಿ, 10-12 ಮೀಟರ್, ಅದಕ್ಕಿಂತ ದೊಡ್ಡವೂ ಸಿಕ್ಕಿವೆ. ಇಷ್ಟು ದೊಡ್ಡ ಮೈ ಇಟ್ಕೊಂಡು ತಿನ್ನೋದು ಏನಪ್ಪಾ ಅಂದ್ರೆ ಕಣ್ಣಿಗೂ ಸರಿಯಾಗಿ ಕಾಣದ ಪ್ಲಾಂಕ್ಟನ್ (ನೀರಲ್ಲಿ ತೇಲೋ ಪುಟ್ಟ ಜೀವಿಗಳು), ಮೀನಿನ ಮೊಟ್ಟೆ, ಪುಟಾಣಿ ಸೀಗಡಿ. ಬಾಯಲ್ಲಿ ಸಾವಿರಾರು ಹಲ್ಲಿವೆ, ಎಲ್ಲಾ ಅಕ್ಕಿಕಾಳಿನಷ್ಟು, ಕಚ್ಚೋಕೆ ಬರಲ್ಲ. ಬಾಯಿ ತೆಗೆದು ನೀರು ಒಳಗೆ ಎಳ್ಕೊಂಡು ಸೋಸಿ ಹೊರಗೆ ಬಿಡುತ್ತೆ, ಟೀ ಸೋಸೋ ಜಾಲರಿ ಥರ.

ಇಂಥ ಸಾಧು ಪ್ರಾಣೀನ ಗುಜರಾತಿನ ಸೌರಾಷ್ಟ್ರ ತೀರದಲ್ಲಿ, ವೇರಾವಳ, ಸೂತ್ರಪಾಡಾ ಆ ಕಡೆಯೆಲ್ಲ, 1990ರ ದಶಕದಲ್ಲಿ ನೂರಾರು ಸಂಖ್ಯೆಯಲ್ಲಿ ಕೊಂದ್ರು. ಮೊದಲಿಂದಾನೂ ಅದರ ಲಿವರ್ ಎಣ್ಣೆ ತೆಗೆದು ಮರದ ದೋಣಿಗೆ ನೀರು ಇಳೀದಂಗೆ ಬಳೀತಿದ್ರು, ಆಮೇಲೆ ತೈವಾನಿಗೆ ಮಾಂಸ ಹೋಗೋಕೆ ಶುರುವಾದ್ಮೇಲೆ ಅದು ದೊಡ್ಡ ದಂಧೆ ಆಯ್ತು. ಕೊಕ್ಕೆಗೆ ಬ್ಯಾರೆಲ್ ಕಟ್ಟಿ ಚುಚ್ಚೋದು, ಮೀನು ಮುಳುಗೋಕಾಗ್ದೆ ಎಳೆದೂ ಎಳೆದೂ ಸುಸ್ತಾಗೋದು. ಅಲ್ಲಿನವರು ಅದನ್ನ ಕರೀತಿದ್ದಿದ್ದೇ ಬ್ಯಾರೆಲ್ ಅಂತ. ಹೆಸರೇ ಹಂಗಿದ್ರೆ ಯಾರಿಗೆ ಕನಿಕರ ಹುಟ್ಟುತ್ತೆ ಹೇಳಿ.

ಮೈಕ್ ಪಾಂಡೆ ಈ ಬೇಟೆ ಬಗ್ಗೆ ಡಾಕ್ಯುಮೆಂಟರಿ ಮಾಡಿದ್ರು, ಗಲಾಟೆ ಆಯ್ತು, 2001ರಲ್ಲಿ ಸರ್ಕಾರ ಈ ಮೀನನ್ನ ವನ್ಯಜೀವಿ ಕಾಯ್ದೆಯ ಮೊದಲನೇ ಶೆಡ್ಯೂಲಿಗೆ, ಅಂದ್ರೆ ಅತಿ ಹೆಚ್ಚು ರಕ್ಷಣೆ ಇರೋ ಪಟ್ಟಿಗೆ, ಸೇರಿಸ್ತು. ನಮ್ಮ ದೇಶದಲ್ಲಿ ಆ ರಕ್ಷಣೆ ಸಿಕ್ಕ ಮೊದಲ ಮೀನು ಇದೇ. ಆದ್ರೆ ದಡದಿಂದ ಅಷ್ಟು ದೂರ ಸಮುದ್ರದ ಮಧ್ಯೆ ಬಲೆಗೆ ಬಿದ್ದಿರೋ ಮೀನನ್ನ ಯಾವ ಗಾರ್ಡು ಹೋಗಿ ನೋಡ್ತಾನೆ? ಬಲೆ ಕತ್ತರಿಸಿದ್ರೆ ಮೀನುಗಾರನಿಗೆ ಲುಕ್ಸಾನು, ಕತ್ತರಿಸದಿದ್ರೆ ಮೀನು ಸಾಯುತ್ತೆ, ಕಾಯ್ದೆ ಪುಸ್ತಕದಲ್ಲೇ ಇರುತ್ತೆ.

2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ, ಟಾಟಾ ಕೆಮಿಕಲ್ಸು, ಗುಜರಾತ್ ಅರಣ್ಯ ಇಲಾಖೆ ಎಲ್ಲಾ ಸೇರ್ಕೊಂಡು ಒಂದು ಕ್ಯಾಂಪೇನ್ ಶುರು ಮಾಡಿದ್ರು. ರಾಮಕಥೆ ಹೇಳೋ ಮೊರಾರಿ ಬಾಪು ಅವರನ್ನ ಮುಂದೆ ಇಟ್ರು. ಅವರು ಸ್ಟೇಜ್ ಮೇಲೆ ಕಾಯ್ದೆ ಗೀಯ್ದೆ ಓದಲಿಲ್ಲ, ಇದು ನಮ್ಮನೆ ಮಗಳು ಕಣ್ರಪ್ಪಾ, ಹೆರಿಗೆಗೆ ಅಂತ ತವರಿಗೆ ಬರ್ತಾಳೆ, ಬಂದ ಮಗಳನ್ನ ಯಾರಾದ್ರೂ ಕೊಲ್ತಾರಾ ಅನ್ನೋ ಅರ್ಥದಲ್ಲಿ ಮಾತಾಡಿದ್ರು. ಅದೇ ಕತೆ ಬೀದಿ ನಾಟಕ ಆಯ್ತು. ಬ್ಯಾರೆಲ್ ಹೋಗಿ ವ್ಹಾಲಿ ಆಯ್ತು, ಅಂದ್ರೆ ಗುಜರಾತಿಯಲ್ಲಿ ಮುದ್ದಿನವಳು.

ತಮಾಷೆ ಏನಂದ್ರೆ ಅವು ಅಲ್ಲಿಗೆ ಹೆರೋಕೇ ಬರ್ತವೆ ಅಂತ ವಿಜ್ಞಾನ ಇವತ್ತಿಗೂ ಖಚಿತವಾಗಿ ಹೇಳಿಲ್ಲ. ಪ್ರಪಂಚದಲ್ಲಿ ವೇಲ್ ಶಾರ್ಕ್ ಗುಂಪು ಸೇರೋ ಬಹುಪಾಲು ಜಾಗಗಳಲ್ಲಿ ಕಾಣೋದು ಜಾಸ್ತಿ ಹರೆಯದ ಗಂಡುಗಳೇ, ಬಸುರಿ ಮೀನು ಕಣ್ಣಿಗೆ ಬೀಳೋದೇ ಅಪರೂಪ. 1995ರಲ್ಲಿ ತೈವಾನಲ್ಲಿ ಸಿಕ್ಕ ಒಂದು ಹೆಣ್ಣಿನ ಹೊಟ್ಟೇಲಿ ಸುಮಾರು 300 ಮರಿಗಳಿದ್ವು, ಇದು ಮೊಟ್ಟೆ ಹೊರಗೆ ಇಡಲ್ಲ, ಒಳಗೇ ಒಡೆದು ಮರಿ ಆಗುತ್ತೆ ಅಂತ ಗೊತ್ತಾಗಿದ್ದೇ ಆ ಸತ್ತ ತಾಯಿಯಿಂದ. ಹಾಗಾಗಿ ತವರಿನ ಕತೆ ಅರ್ಧ ನಂಬಿಕೆ, ಆದ್ರೆ ಕೆಲಸ ಮಾತ್ರ ಪೂರ್ತಿ ಮಾಡ್ತು, ನಂಗದರಲ್ಲಿ ತಕರಾರಿಲ್ಲ.

ಹಾಗಂತ ಬರೀ ಸೆಂಟಿಮೆಂಟಲ್ಲೇ ಎಲ್ಲಾ ಆಯ್ತು ಅಂತಾನೂ ಅಲ್ಲ. ಕತ್ತರಿಸಿದ ಬಲೆಗೆ ಅರಣ್ಯ ಇಲಾಖೆ ಪರಿಹಾರ ಕೊಡೋಕೆ ಶುರು ಮಾಡ್ತು. ಮೊದಮೊದಲು ದಡದಿಂದ ತಂಡ ಬಂದು ನೋಡಿ ಆಮೇಲೆ ಬಿಡಿಸ್ಬೇಕಿತ್ತು, ಅಷ್ಟೊತ್ತು ಮೀನು ಒದ್ದಾಡ್ತಾ ಇರೋದು. ಆಮೇಲೆ ಮೀನುಗಾರರ ಕೈಗೇ ವಾಟರ್‌ಪ್ರೂಫ್ ಕ್ಯಾಮೆರಾ ಕೊಟ್ರು, ನೀವೇ ಕತ್ತರಿಸಿ, ಫೋಟೋ ತೋರ್ಸಿ, ದುಡ್ಡು ತಗೊಳ್ಳಿ ಅಂತ. ಇಷ್ಟು ಸಿಂಪಲ್ ಐಡಿಯಾ, ಬಿಡಿಸೋ ಟೈಮು ಪೂರಾ ಇಳೀತು. ಇಲ್ಲೀವರೆಗೆ 800ಕ್ಕೂ ಹೆಚ್ಚು ಮೀನು ಹೀಗೆ ವಾಪಸ್ ಹೋಗಿವೆ, ಮೀನುಗಾರರು ತಮ್ಮದೇ ಬಲೆ ತಾವೇ ಕುಯ್ದು ಬಿಟ್ಟಿದ್ದು.

ಒಂದೊಂದು ಮೀನೂ ಯಾಕೆ ಮುಖ್ಯ ಅಂದ್ರೆ ಇದು ದೊಡ್ಡದಾಗಿ ಮರಿ ಹಾಕೋ ವಯಸ್ಸಿಗೆ ಬರೋಕೇ ಸುಮಾರು 25 ವರ್ಷ ಬೇಕು, ಬೂತಾಯಿ ಮೀನಿನ ಥರ ವರ್ಷದಲ್ಲಿ ಬೆಳೆದು ಸಂತಾನ ಮಾಡ್ಕೊಳಲ್ಲ. 2016ರಿಂದ ಇದು ಅಳಿವಿನಂಚಿನ ಪಟ್ಟೀಲಿದೆ. ಮೈಮೇಲಿನ ಬಿಳಿ ಚುಕ್ಕೆ ಒಂದರದ್ದು ಇನ್ನೊಂದಕ್ಕಿರಲ್ಲ, ನಮ್ಮ ಬೆರಳಚ್ಚಿನ ಹಂಗೆ, ಆ ಚುಕ್ಕೆ ಹೊಂದಿಸಿ ಗುರುತು ಹಿಡಿಯೋಕೆ ವಿಜ್ಞಾನಿಗಳು ಆಕಾಶದ ನಕ್ಷತ್ರ ಹೊಂದಿಸೋಕೆ ಅಂತ ಮಾಡಿದ್ದ ಲೆಕ್ಕಾನೇ ತಂದು ಬಳಸಿದ್ರು.

ಮಲ್ಪೆ, ಮಂಗಳೂರು ಕಡೆ ಬಲೆಗಳಿಗೂ ಆಗಾಗ ಇದು ಬಿದ್ದಿದೆ. ನಮ್ಮಲ್ಲಿ ಪೇಪರಿನವರು ತಿಮಿಂಗಿಲ ಶಾರ್ಕ್ ಅಂತ ಬರೀತಾರೆ, ಇಂಗ್ಲಿಷಿಂದ ಎತ್ಕೊಂಡು ಬಂದ ಹೆಸರು. ವ್ಹಾಲಿ ಅಂತ ಕರೆದಂಗೆ ಬಾಯ್ತುಂಬ ಕರೆಯೋಕೆ ತುಳುವಲ್ಲೋ ಕುಂದಾಪ್ರ ಕನ್ನಡದಲ್ಲೋ ಒಂದು ಹೆಸರು ಯಾರಾದ್ರೂ ಇಟ್ಟಿದ್ರೆ ಹೇಳಿ.