ಅನ್ಯಗ್ರಹದವರಿಗೆ ‘ಸುಮ್ನೆ’ ಅನ್ನೋದು ಗೊತ್ತಿರುತ್ತಾ?

ಗಂಗಾವತಿಯ ಅಕ್ಕನ ಮನೆಗೆ ಹೋದಾಗಲೆಲ್ಲ ರಾತ್ರಿ ಊಟವಾದ ಮೇಲೆ ಮಾಳಿಗೆಯಲ್ಲಿ ಕಥೆ ಹೇಳುವ ಕೆಲಸ ನನ್ನದು. ಅಕ್ಕನ ಮಕ್ಕಳಿಬ್ಬರಿಗೂ ರಾಜ-ರಾಣಿ ಬೇಡ. ಅನ್ಯಗ್ರಹದವರೇ ಬೇಕು. ಅವರೂ ಯುದ್ಧಕ್ಕೆ ಬರಬಾರದು, ಆಡೋಕೆ ಬರಬೇಕು. ಹೀಗಾಗಿ ನನ್ನ ಕಥೆಯಲ್ಲಿ ಆರು ಕೈಯ, ಮೊಣಕಾಲೆತ್ತರದ ಒಂದು ಜನಾಂಗ ಹುಟ್ಟಿಕೊಂಡಿತು. ಅವರ ನೌಕೆ ಹಿರೇಬೆಣಕಲ್ ಗುಡ್ಡದ ಮೇಲೆ ಇಳಿಯುತ್ತದೆ. ಅಲ್ಲಿನ ಕಲ್ಲು ಚಪ್ಪಡಿಗಳನ್ನು ಒಂದರ ಮೇಲೊಂದು ಪೇರಿಸಿ ಲಗೋರಿ ಆಡುತ್ತಾರೆ. ಚೆಂಡು ಬೇಕಲ್ಲ, ಚಂದ್ರನನ್ನೇ ಕಿತ್ತು ತರುತ್ತಾರೆ. ಅವತ್ತು ನಮಗೆ ಅಮಾವಾಸ್ಯೆ.

ಹಿರೇಬೆಣಕಲ್ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಆ ಗುಡ್ಡದ ಮೇಲೆ ಕಲ್ಲು ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಪುಟ್ಟ ಮನೆಗಳಂಥವು ಸಾಲು ಸಾಲಾಗಿ ನಿಂತಿವೆ. ಕೆಲವಕ್ಕೆ ದುಂಡನೆಯ ಕಿಂಡಿ. ನಮ್ಮ ಕಡೆ ಅವನ್ನು ಮೋರ್ಯರ ಮನೆ ಅನ್ನುತ್ತಾರೆ. ಮೋರ್ಯರು ಅಂದರೆ ಹಿಂದೆ ಅಲ್ಲಿದ್ದರು ಅನ್ನಲಾಗುವ ಗಿಡ್ಡ ಜನ. ಕಿಂಡಿ ನೋಡಿದರೆ ಹೌದಲ್ವಾ ಅನ್ನಿಸುತ್ತದೆ.

“ಮಾಮಾ, ಹಂಗಾದ್ರ ಮೋರ್ಯರೂ ಮ್ಯಾಲಿಂದ ಬಂದೋರೇನು?” ಅಂತ ಸಣ್ಣವಳು ಕೇಳಿದಳು.

ಇಲ್ಲ. ಕಥೆಗೆ ಎಷ್ಟು ಬೇಕಾದರೂ ಸುಳ್ಳು ಹೇಳುತ್ತೇನೆ, ಇದರಲ್ಲಿ ಮಾತ್ರ ಇಲ್ಲ. ಅಲ್ಲಿರುವ ಸುಮಾರು 400 ಕಲ್ಲಿನ ರಚನೆಗಳನ್ನು ಕಟ್ಟಿದವರು ನಮ್ಮ ನಿಮ್ಮಂಥ ಮನುಷ್ಯರು, ಎರಡು ಸಾವಿರ ವರ್ಷಕ್ಕೂ ಹಿಂದೆ, ಕಬ್ಬಿಣ ಬಳಕೆಗೆ ಬಂದ ಕಾಲದಲ್ಲಿ. ಅಲ್ಲಿನ ಬಂಡೆ ಈರುಳ್ಳಿಯ ಹಾಗೆ ಪದರು ಪದರಾಗಿ ಬಿಡುತ್ತದೆ. ಆ ಪದರುಗಳನ್ನೇ ಎಬ್ಬಿಸಿ ಚಪ್ಪಡಿ ಮಾಡಿಕೊಂಡರು. ದೊಡ್ಡ ಬಂಡೆಯೊಂದರ ನೆತ್ತಿಯ ಮೇಲೆ ಕಲ್ಲಿನ ನಗಾರಿಯೂ ಇದೆ. ಬಡಿದರೆ ನಿಜಕ್ಕೂ ನಗಾರಿಯ ಹಾಗೇ ದನಿ ಕೊಡುತ್ತದೆ. ಇಷ್ಟನ್ನು ಮಾಡಿದವರ ಹೆಸರು ಕಿತ್ತು ಹಾರುವ ತಟ್ಟೆಯವರಿಗೆ ಕೊಡುವುದು ನನ್ನ ಲೆಕ್ಕದಲ್ಲಿ ಕಳ್ಳತನ.

ಆದರೆ ಅವಳ ಪ್ರಶ್ನೆಯ ಇನ್ನೊಂದು ತುದಿ ನನ್ನನ್ನು ಬಿಡಲಿಲ್ಲ. ನೌಕೆ ಕಟ್ಟುವಷ್ಟು ಬುದ್ಧಿ ಇರುವ ಜೀವಿಗಳು ಎಲ್ಲಾದರೂ ಇದ್ದರೆ, ಅವು ಆಡುತ್ತವಾ?

ಬೇರೆ ಗ್ರಹದ ಉದಾಹರಣೆ ನಮ್ಮ ಹತ್ತಿರ ಒಂದೂ ಇಲ್ಲ. ಇರುವುದು ಇದೊಂದೇ ಭೂಮಿ. ಇಲ್ಲಿ ಆಡುವವರು ಯಾರು ಯಾರು ಅಂತ ನೋಡುವುದಕ್ಕೂ ಮೊದಲು ಆಟ ಅಂದರೆ ಏನು ಅಂತ ತೀರ್ಮಾನ ಆಗಬೇಕು. ಅಮೆರಿಕದ ಜೀವವಿಜ್ಞಾನಿ ಗಾರ್ಡನ್ ಬರ್ಗ್‌ಹಾರ್ಟ್ ಇದಕ್ಕೆ ಐದು ಗುರುತು ಕೊಟ್ಟಿದ್ದಾರೆ. ಆ ಹೊತ್ತಿಗೆ ಅದರಿಂದ ಹೊಟ್ಟೆಗೆ ಏನೂ ಸಿಗಬಾರದು. ತಾನಾಗಿ, ಖುಷಿಗೆ ಮಾಡಬೇಕು. ನಿಜವಾದ ಕೆಲಸದ ಹಾಗೇ ಕಂಡರೂ ಎಲ್ಲೋ ಅತಿಯಾಗಿ, ಅರ್ಧಂಬರ್ಧವಾಗಿ ಇರಬೇಕು. ಮತ್ತೆ ಮತ್ತೆ ಮಾಡಬೇಕು. ಹಸಿವು, ಭಯ ಇಲ್ಲದ ಹೊತ್ತಲ್ಲಿ ಮಾಡಬೇಕು. ಸಂಜೆ ಬಂಡೆಯ ಮೇಲೆ ನೆಗೆಯುವ ಆಡಿನ ಮರಿಯನ್ನು ನೋಡಿ, ಐದೂ ಕಾಣುತ್ತವೆ. ಈ ಐದಕ್ಕೂ ಸೇರಿ ಕನ್ನಡದಲ್ಲಿ ಒಂದೇ ಪದ ಇದೆ: ಸುಮ್ನೆ. “ಯಾಕೋ ಹಂಗ ಜಿಗೀತಿ?” “ಸುಮ್ನ.”

ಆಡು, ನಾಯಿ, ಕೋತಿ ಆಡುವುದು ದೊಡ್ಡ ಸುದ್ದಿಯಲ್ಲ. ಅವೆಲ್ಲ ನಮ್ಮ ಬಳಗ. ಸುದ್ದಿ ಅಂದರೆ ಆಕ್ಟೋಪಸ್. ನಮ್ಮದೂ ಅದರದೂ ವಂಶ ಬೇರೆಯಾಗಿ 50 ಕೋಟಿ ವರ್ಷಕ್ಕೂ ಜಾಸ್ತಿ ಆಯಿತು. ಎಂಟು ಕೈ, ಮೂರು ಹೃದಯ, ನೀಲಿ ರಕ್ತ. ಅರ್ಧದಷ್ಟಕ್ಕೂ ಹೆಚ್ಚು ನರಕೋಶಗಳು ಕೈಗಳಲ್ಲೇ. ಅನ್ಯಗ್ರಹಕ್ಕೆ ಹೋಗದೆ ಸಿಗುವ ಅನ್ಯಗ್ರಹದ ಜೀವಿ ಅಂದರೆ ಇದೇ. 1999ರಲ್ಲಿ ಜೆನಿಫರ್ ಮ್ಯಾದರ್ ಮತ್ತು ರೋಲಂಡ್ ಆ್ಯಂಡರ್ಸನ್ ಒಂದು ವರದಿ ಪ್ರಕಟಿಸಿದರು. ಸಿಯಾಟಲ್‌ನ ಮತ್ಸ್ಯಾಲಯದಲ್ಲಿ ಎಂಟು ಆಕ್ಟೋಪಸ್‌ಗಳ ತೊಟ್ಟಿಗೆ ತೇಲುವ ಖಾಲಿ ಮಾತ್ರೆ ಡಬ್ಬಿ ಬಿಟ್ಟಿದ್ದರು. ಎರಡು ಆಕ್ಟೋಪಸ್‌ಗಳು ನೀರಿನ ಪಿಚಕಾರಿ ಹೊಡೆದು ಡಬ್ಬಿಯನ್ನು ದೂರ ತಳ್ಳಿದವು. ತೊಟ್ಟಿಯ ನೀರಿನ ಹರಿವು ಅದನ್ನು ವಾಪಸ್ ತಂದಿತು. ಮತ್ತೆ ತಳ್ಳಿದವು. ಮತ್ತೆ ಬಂತು. ಗೋಡೆಗೆ ಚೆಂಡು ಹೊಡೆದು ಹಿಡಿಯುವ ಒಂಟಿ ಹುಡುಗನ ಆಟ ಇದು.

ಹುಳುಗಳೂ ಹಿಂದೆ ಬಿದ್ದಿಲ್ಲ. 2022ರಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ತಂಡ ದುಂಬಿಜೇನುಗಳು ಪುಟ್ಟ ಮರದ ಗುಂಡುಗಳನ್ನು ಉರುಳಿಸುವುದನ್ನು ನೋಡಿತು. ಬಹುಮಾನವಾಗಿ ಸಕ್ಕರೆ ನೀರಿಲ್ಲ, ಏನಿಲ್ಲ. ಒಂದು ದುಂಬಿಯಂತೂ 117 ಸಲ ಉರುಳಿಸಿತು. ಎಳೆಯವು ಮುದಿಯವಕ್ಕಿಂತ ಜಾಸ್ತಿ ಆಡಿದವು.

ಅಂದರೆ ಆಟ ಭೂಮಿಯಲ್ಲೇ ಒಂದಕ್ಕಿಂತ ಹೆಚ್ಚು ಸಲ, ಬೇರೆ ಬೇರೆ ದಾರಿಯಲ್ಲಿ ಹುಟ್ಟಿಕೊಂಡ ಹಾಗಿದೆ. ಹಾಗಾಗಿ ಆಡುವ ಅನ್ಯಗ್ರಹದವರ ತಮಾಷೆ ಕಥೆಗಳು ನನಗೆ ಉಡಾಫೆ ಅನ್ನಿಸುವುದಿಲ್ಲ. ಬರೀ ಗೆಲ್ಲೋಕೆ ಬರುವ ಗಂಟುಮೋರೆಯ ಸೈನ್ಯಕ್ಕಿಂತ ಅವೇ ಹೆಚ್ಚು ನಂಬುವ ಹಾಗಿವೆ. ನೌಕೆ ಕಟ್ಟಬೇಕಾದರೆ, ‘ಇದನ್ನು ಹೀಗೆ ಮಾಡಿದರೆ ಏನಾಗುತ್ತೆ?’ ಅಂತ ಸುಮ್ನೆ ಮಾಡಿ ನೋಡಿದ ಪೂರ್ವಿಕರು ಬೇಕು. ಕೆಲಸಕ್ಕೆ ಬಾರದ್ದನ್ನು ಮಾಡದ ಜನಾಂಗ ರಾಕೆಟ್‌ವರೆಗೆ ಬರುವುದು ಕಷ್ಟ. ಇದು ನನ್ನ ಊಹೆ, ಯಾರೂ ಸಾಬೀತು ಮಾಡಿಲ್ಲ.

ಈ ಬಗೆಯ ಕಥೆ ಹೊಸದೂ ಅಲ್ಲ. ಫ್ರಾನ್ಸಿನ ವೋಲ್ಟೇರ್ 1752ರಲ್ಲೇ ಲುಬ್ಧಕ ನಕ್ಷತ್ರದ ಕಡೆಯ ದೈತ್ಯನೊಬ್ಬನನ್ನು ಶನಿಗ್ರಹದ ಗೆಳೆಯನ ಜೊತೆ ಭೂಮಿಗೆ ಕರೆತಂದಿದ್ದ. ಮನುಷ್ಯರ ಹಡಗು ಆ ದೈತ್ಯನ ಉಗುರಿನ ಮೇಲೆ ನಿಲ್ಲುತ್ತದೆ. ಹಡಗಿನಲ್ಲಿದ್ದ ಪಂಡಿತನೊಬ್ಬ ‘ಸೂರ್ಯ ಚಂದ್ರರೆಲ್ಲ ಮನುಷ್ಯನಿಗಾಗಿಯೇ ಇರುವುದು’ ಅನ್ನುತ್ತಾನೆ. ಇಬ್ಬರೂ ಎಷ್ಟು ನಗುತ್ತಾರೆಂದರೆ ಹಡಗು ಜಾರಿ ಶನಿಯವನ ಚಡ್ಡಿ ಜೇಬಿಗೆ ಬೀಳುತ್ತದೆ.

ಅವರು ನಗುತ್ತಿದ್ದಾರೆ ಅಂತ ನಮಗೆ ಗೊತ್ತಾಗುವುದು ಹೇಗೆ ಅನ್ನುವುದೇ ಕಗ್ಗಂಟು.

ನಾಯಿ ಆಟಕ್ಕೆ ಕರೆಯುವಾಗ ಮುಂಗಾಲು ಚಾಚಿ, ಎದೆ ನೆಲಕ್ಕೆ ತಂದು, ಹಿಂಭಾಗ ಮೇಲೆತ್ತುತ್ತದೆ. ಮುಂದೆ ಕಚ್ಚಿದರೂ ಅದು ಕಚ್ಚಿದ್ದಲ್ಲ ಅನ್ನುವ ಮುನ್ಸೂಚನೆ ಅದು. ಮಾನವಶಾಸ್ತ್ರಜ್ಞ ಗ್ರೆಗರಿ ಬೇಟ್‌ಸನ್ 1955ರ ಲೇಖನವೊಂದರಲ್ಲಿ ಇದನ್ನೇ ಹಿಡಿದುಕೊಂಡರು: ಆಡುವ ಪ್ರಾಣಿಗಳು ‘ಇದು ಆಟ’ ಅಂತ ಒಂದಕ್ಕೊಂದು ಹೇಳಿಕೊಳ್ಳಲೇಬೇಕು. ನಾವೂ ಅಷ್ಟೆ. ಗೆಳೆಯನನ್ನು ಚುಚ್ಚಿ ಮಾತಾಡಿ, ಅವನ ಮುಖ ಸಣ್ಣಗಾದರೆ “ಏ, ಸುಮ್ನ ಅಂದ್ನೋ ಮಾರಾಯ” ಅನ್ನುತ್ತೇವೆ. ಆ ಸೂಚನೆ ತಪ್ಪಿದರೆ ಆಟವೇ ಜಗಳ.

ಸೂಚನೆ ಪಕ್ಕದಲ್ಲೇ ಇದ್ದರೂ ತಪ್ಪಿಹೋಗಬಹುದು. ಮನುಷ್ಯನೂ ಇಲಿಯೂ ಸಾವಿರಾರು ವರ್ಷ ಒಂದೇ ಮನೆಯಲ್ಲಿ ಸಂಸಾರ ಮಾಡಿದ್ದಾರೆ. ಇಲಿ ನಗುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ. 1990ರ ದಶಕದ ಕೊನೆಯಲ್ಲಿ ನರವಿಜ್ಞಾನಿ ಯಾಕ್ ಪ್ಯಾಂಕ್ಸೆಪ್ ಮತ್ತು ಜೊತೆಗಾರರು ಪ್ರಯೋಗಾಲಯದ ಇಲಿಗಳಿಗೆ ಕಚಗುಳಿ ಇಟ್ಟರು. ಇಲಿಗಳು 50 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಚಿಲಿಪಿಲಿ ಎಂದವು. ಮತ್ತೆ ಕಚಗುಳಿ ಬೇಕು ಅಂತ ಕೈಯ ಬೆನ್ನು ಹತ್ತಿದವು. ನಮ್ಮ ಕಿವಿ 20 ಕಿಲೋಹರ್ಟ್ಸ್‌ಗೇ ಸೋಲುತ್ತದೆ. ಅಕ್ಕಿ ಚೀಲದ ಹಿಂದೆ ಇಲಿ ನಕ್ಕರೇ ಕೇಳಿಸದ ನಾವು, ನಕ್ಷತ್ರದಾಚೆಯ ನಗುವಿಗೆ ಕಿವಿಗೊಟ್ಟು ಕೂತಿದ್ದೇವೆ.

ಉಲ್ಟಾ ಕೂಡ ಆಗಿದೆ. ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೋ ದೂರದರ್ಶಕ 1998ರಿಂದ ಆಗಾಗ ಒಂದು ವಿಚಿತ್ರ ಮಿಡಿತ ಹಿಡಿಯುತ್ತಿತ್ತು. 2015ರಲ್ಲಿ ಗುಟ್ಟು ಬಯಲಾಯಿತು. ಅಲ್ಲೇ ಇದ್ದ ಮೈಕ್ರೋವೇವ್ ಒಲೆಯ ಬಾಗಿಲನ್ನು, ಅದು ನಿಲ್ಲುವ ಮೊದಲೇ ಯಾರೋ ಅವಸರಕ್ಕೆ ತೆಗೆಯುತ್ತಿದ್ದರು. ಹಸಿವು!

1950ರಲ್ಲಿ ಭೌತವಿಜ್ಞಾನಿ ಎನ್ರಿಕೊ ಫರ್ಮಿ ಊಟದ ಹೊತ್ತಿನ ಹರಟೆಯಲ್ಲಿ, ಅಷ್ಟೊಂದು ನಕ್ಷತ್ರಗಳಿದ್ದರೂ ಇವರೆಲ್ಲ ಎಲ್ಲಿ ಅಂತ ಕೇಳಿದ್ದರು. ಕನ್ನಡದಲ್ಲಿ ಉತ್ತರ ಸುಲಭ: ಸುಮ್ನಿದ್ದಾರೆ. ಕಣ್ಣಾಮುಚ್ಚಾಲೆಯಲ್ಲಿ ಅಡಗಿದವರು ಸದ್ದು ಮಾಡುವುದಿಲ್ಲ ಅಲ್ವಾ? ಇದು ವಿಜ್ಞಾನವಲ್ಲ, ಮಾಳಿಗೆಯ ಕಥೆ.

ತಮಾಷೆ ಕಥೆಗಳು ಮರೆಯುವ ಒಂದು ಸಂಗತಿಯೂ ಇದೆ. ಆಡುವವರೆಲ್ಲ ಒಳ್ಳೆಯವರೇನಲ್ಲ. ಬೆಕ್ಕು ಇಲಿಯ ಜೊತೆಗೂ ಆಡುತ್ತದೆ. ನಾನು ಸಣ್ಣವನಿದ್ದಾಗ ಏರೋಪ್ಲೇನ್ ಚಿಟ್ಟೆಯ ಬಾಲಕ್ಕೆ ದಾರ ಕಟ್ಟಿ ಹಾರಿಸಿದ್ದೇನೆ. ನನಗದು ಆಟ, ಚಿಟ್ಟೆಗೆ ಏನಾಗಿತ್ತೋ. ಆರು ಕೈಯವರು ಬಂದಾಗ ದಾರ ಯಾರ ಬಾಲಕ್ಕೆ?

ಇದನ್ನು ಹೇಳಿದಾಗ ಸಣ್ಣವಳು ಹೆದರಿದಳು. ಅದಕ್ಕೆ ವಾಯೇಜರ್ ಕಥೆ ತೆಗೆದೆ. 1977ರಲ್ಲಿ ಅಮೆರಿಕದ ನಾಸಾ ಹಾರಿಸಿದ ಎರಡೂ ವಾಯೇಜರ್ ನೌಕೆಗಳಲ್ಲಿ ಚಿನ್ನ ಲೇಪಿಸಿದ ಒಂದೊಂದು ಗ್ರಾಮಫೋನ್ ತಟ್ಟೆ ಇದೆ. ಅದರಲ್ಲಿ 55 ಭಾಷೆಗಳ ನಮಸ್ಕಾರವಿದೆ, ಕನ್ನಡದ್ದೂ ಇದೆ: ‘ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು’. ವೇದಿಕೆ ಮೇಲಿನ ಭಾಷಣದ ಹಾಗಿದೆ, ನಮ್ಮವರು ಹಾಗೆ ಮಾತಾಡುತ್ತಾರಾ? ಚೀನಾದ ಅಮೋಯ್ ನುಡಿಯವರು ವಾಸಿ. ಹೇಗಿದ್ದೀರಿ, ಊಟ ಆಯ್ತಾ, ಪುರುಸೊತ್ತಾದರೆ ಬನ್ನಿ ಅಂತ ಕರೆದಿದ್ದಾರೆ. ಅದೇ ತಟ್ಟೆಯಲ್ಲಿ ಮನುಷ್ಯರ ನಗುವೂ ಇದೆ. ಯಾಕೆ ನಗುತ್ತಿದ್ದೇವೆ ಅನ್ನುವ ವಿವರಣೆ ಮಾತ್ರ ಇಲ್ಲ.

“ಅದು ಅವ್ರಿಗೆ ಯಾವಾಗ ಮುಟ್ಟತೈತಿ ಮಾಮಾ?”

ವಾಯೇಜರ್ 1 ಇನ್ನೊಂದು ನಕ್ಷತ್ರದ ಹತ್ತಿರ ಹಾಯಲು ಸುಮಾರು 40,000 ವರ್ಷ ಬೇಕು. ಹತ್ತಿರ ಅಂದರೂ ಮಧ್ಯೆ 1.6 ಜ್ಯೋತಿರ್ವರ್ಷದ ದೂರ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಉಂಡ್ರೇನು ಅಂತ ಕೇಳಿ ಅಷ್ಟು ವರ್ಷ ಕಾಯಿಸಿದ್ರ, ರೊಟ್ಟಿ ಕಟಕ್ ಆಗಿರ್ತಾವಲ್ಲ ಮಾಮಾ!”

ದೊಡ್ಡವನು ಮಗ್ಗುಲಾದ. “ಕಟಕ್ ರೊಟ್ಟೀನ ಛಲೋ ಇರ್ತಾವು. ಸುಮ್ನ ಮಕ್ಕೋ.”