ಪೇಜಿನ ಕೀಲಿ ಯಾರ ಜೇಬಿನಲ್ಲಿದೆ?

ಹದಿನಾಲ್ಕು ವರ್ಷಗಳಿಂದ ಕಂಪನಿಗಳ ಸಾಮಾಜಿಕ ಜಾಲತಾಣಗಳ ಕೆಲಸ ನೋಡಿಕೊಳ್ಳುತ್ತಿರುವ ನಾನು ಹೊಸ ಗ್ರಾಹಕರ ಕಚೇರಿಗೆ ಹೋದಾಗ ಮೊದಲು ಕೇಳುವುದು, ನಿಮ್ಮ ಪೇಜಿನ ಅಡ್ಮಿನ್ ಯಾರು ಎಂದು. ಬರುವ ಉತ್ತರವೂ ಬಹುಪಾಲು ಒಂದೇ: "ಅದನ್ನೆಲ್ಲ ನಮ್ಮ ಹುಡುಗ ನೋಡ್ಕೋತಾನೆ ಸರ್." ಗೋದಾಮಿನ ಕೀಲಿ ಯಾರಲ್ಲಿದೆ, ಚೆಕ್ಕಿಗೆ ಸಹಿ ಹಾಕುವವರು ಯಾರು ಎಂಬುದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲ ಮಾಲೀಕರು, ಸಾವಿರಾರು ಗ್ರಾಹಕರು ದಿನವೂ ನೋಡುವ ಖಾತೆಯ ವಿಷಯದಲ್ಲಿ ಮಾತ್ರ ಇಷ್ಟು ನಿಶ್ಚಿಂತರಾಗಿರುವುದು ನನ್ನನ್ನು ಇಂದಿಗೂ ಕಂಗೆಡಿಸುತ್ತದೆ.

ತುಮಕೂರಿನ ಕಡೆಯ ಪೀಠೋಪಕರಣ ತಯಾರಕರೊಬ್ಬರ ಖಾತೆ ದೀಪಾವಳಿಯ ವಾರದಲ್ಲೇ ಲಾಗಿನ್ ಆಗದೆ ನಿಂತಿತು. ಓಟಿಪಿ ಹೋಗುತ್ತಿದ್ದುದು ಎರಡು ವರ್ಷದ ಹಿಂದೆ ಕೆಲಸ ಬಿಟ್ಟಿದ್ದ ಹುಡುಗಿಯೊಬ್ಬಳ ಸ್ವಂತ ಸಂಖ್ಯೆಗೆ. ಆಕೆ ಬಾಣಂತನಕ್ಕೆಂದು ಮಲೆನಾಡಿನ ತವರಿನಲ್ಲಿದ್ದಳು. ಅಂಗಳದ ತುದಿಗೆ ಬಂದರಷ್ಟೇ ಸಿಗ್ನಲ್. "ತೊಂದರೆ ಕೊಡ್ತಾ ಇದೀನಿ ತಾಯಿ, ಇನ್ನೊಂದು ಸಲ ನೋಡಮ್ಮ" ಎಂದು ಅರವತ್ತು ದಾಟಿದ ಆ ಹಿರಿಯರು ನನ್ನೆದುರಿನಲ್ಲೇ ನಾಲ್ಕು ಬಾರಿ ಕೇಳಿಕೊಂಡರು. ಸಂದೇಶ ಆಕೆಯನ್ನು ತಲುಪುವ ಹೊತ್ತಿಗೆ ಪ್ರತಿ ಬಾರಿಯೂ ಅದರ ಅವಧಿ ಮುಗಿದಿರುತ್ತಿತ್ತು. ಆಕೆ ಒಳ್ಳೆಯ ಮನಸ್ಸಿನವಳು, ಬೇಸರಿಸದೆ ಸಹಕರಿಸಿದಳು. ಮನಸ್ತಾಪದಿಂದ ಹೊರಹೋದವರಾಗಿದ್ದರೆ?

ಪಾಸ್‌ವರ್ಡ್ ತಿಳಿದಿರುವುದು ಬೇರೆ, ಖಾತೆ ಕಂಪನಿಯದಾಗಿರುವುದು ಬೇರೆ. ಎಷ್ಟು ಸಲ ಹೇಳಿದರೂ ಮನಸ್ಸಿಗೆ ಇಳಿಯದ ಮಾತು ಇದು. ಫೇಸ್‌ಬುಕ್ ಪೇಜನ್ನು ಯಾರೋ ಒಬ್ಬರು ತಮ್ಮ ವೈಯಕ್ತಿಕ ಪ್ರೊಫೈಲ್‌ನಿಂದಲೇ ತೆರೆಯಬೇಕು. ಅದನ್ನು ಅಲ್ಲಿಗೇ ಬಿಟ್ಟರೆ, ಪೇಜಿನ ಮೇಲೆ ನಿಮ್ಮ ಕಂಪನಿಯ ಹೆಸರಿದ್ದರೂ ಹಿಡಿತವೆಲ್ಲ ಆ ವ್ಯಕ್ತಿಯದು. ಇದಕ್ಕಾಗಿಯೇ ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳ ಒಡೆಯ ಸಂಸ್ಥೆಯಾದ ಮೆಟಾದಲ್ಲಿ ಬಿಸಿನೆಸ್ ಪೋರ್ಟ್‌ಫೋಲಿಯೋ ಎಂಬ ವ್ಯವಸ್ಥೆಯಿದೆ. ಪೇಜು, ಇನ್‌ಸ್ಟಾಗ್ರಾಮ್, ಜಾಹೀರಾತು ಖಾತೆ ಮೂರನ್ನೂ ಕಂಪನಿಯ ಹೆಸರಿನ ಪೋರ್ಟ್‌ಫೋಲಿಯೋಕ್ಕೆ ಸೇರಿಸಿ, ಪೂರ್ಣ ಅಧಿಕಾರವನ್ನು ಕನಿಷ್ಠ ಇಬ್ಬರು ಜವಾಬ್ದಾರರಿಗೆ ಕೊಟ್ಟು, ಉಳಿದ ಸಿಬ್ಬಂದಿಗೆ ಅವರವರ ಕೆಲಸಕ್ಕೆ ಬೇಕಾದಷ್ಟೇ ಪ್ರವೇಶ ಕೊಡಬೇಕು. ಯೂಟ್ಯೂಬ್ ಚಾನೆಲ್‌ನಲ್ಲಿಯೂ ಪಾಸ್‌ವರ್ಡ್ ಹಂಚದೆ ಪ್ರತಿಯೊಬ್ಬರಿಗೂ ಪ್ರತ್ಯೇಕ ಅನುಮತಿ ಕೊಡಬಹುದು. ಹೊರಗಿನ ಏಜೆನ್ಸಿಗೆ ಪಾಲುದಾರನ ಪ್ರವೇಶ ಸಾಕು, ಒಡೆತನ ಬೇಡ. ಜಾಹೀರಾತು ಖಾತೆ ಏಜೆನ್ಸಿಯದೇ ಆಗಿದ್ದರೆ, ಒಪ್ಪಂದ ಮುಗಿದ ದಿನ ವರ್ಷಗಟ್ಟಲೆ ನೀವು ಹಣ ಕೊಟ್ಟು ಗಳಿಸಿದ ಮಾಹಿತಿಯೂ ಅವರೊಡನೆ ಉಳಿಯುವ ಸಂಭವವಿದೆ. ಇವನ್ನೆಲ್ಲ ಮಾಡುವ ಮೆನುಗಳ ಹೆಸರೂ ಜಾಗವೂ ಆಗಾಗ ಬದಲಾಗುತ್ತವೆ. ಖಾತೆ ಕಂಪನಿಯ ಸ್ವತ್ತೆಂದು ನೇಮಕಾತಿ ಪತ್ರದಲ್ಲಿ ಬರೆಯುವ ವಾಕ್ಯವನ್ನು ವಕೀಲರಿಗೆ ತೋರಿಸಿಯೇ ಅಂತಿಮಗೊಳಿಸಿ.

ದೊಡ್ಡ ಸಂಸ್ಥೆಗಳೂ ಇಲ್ಲಿ ಎಡವಿವೆ. ನಮ್ಮ ಹಿರಿಯರಿಗೆ ಗ್ರಾಮಫೋನಿನ ನಾಯಿಯ ಚಿತ್ರದಿಂದ ಪರಿಚಿತವಾದ ಹೆಸರಿನ ಬ್ರಿಟನ್ನಿನ ಎಚ್‌ಎಂವಿ ಮಳಿಗೆಗಳ ಸಂಸ್ಥೆ 2013ರ ಜನವರಿಯಲ್ಲಿ ಸಿಬ್ಬಂದಿಯನ್ನು ವಜಾ ಮಾಡುತ್ತಿದ್ದಾಗ, ಒಳಗೆ ನಡೆಯುತ್ತಿದ್ದುದೆಲ್ಲ ಸಂಸ್ಥೆಯ ಅಧಿಕೃತ ಟ್ವಿಟರ್ ಖಾತೆಯಿಂದಲೇ ಹೊರಬಿತ್ತು. ಟ್ವಿಟರ್ ನಿಲ್ಲಿಸುವುದು ಹೇಗೆಂದು ಮಾರ್ಕೆಟಿಂಗ್ ನಿರ್ದೇಶಕರು ಕೇಳುತ್ತಿದ್ದಾರೆಂಬುದೂ ಆ ಟ್ವೀಟುಗಳಲ್ಲಿತ್ತು. ಅದಕ್ಕೂ ಕೆಲವು ತಿಂಗಳ ಮುಂಚೆ, 2012ರ ಅಕ್ಟೋಬರಿನಲ್ಲಿ, ಅಮೆರಿಕದ ಅಧ್ಯಕ್ಷೀಯ ಚರ್ಚೆಯ ಹೊತ್ತಿನಲ್ಲಿ ಅಡುಗೆಮನೆ ಯಂತ್ರಗಳ ಬ್ರ್ಯಾಂಡ್ ಕಿಚನ್‌ಏಯ್ಡ್‌ನ ತಂಡದವರೊಬ್ಬರು ಒಬಾಮಾ ಅವರ ಅಜ್ಜಿಯ ಸಾವಿನ ಬಗ್ಗೆ ಬರೆದ ಕೀಳು ಮಾತು, ಸ್ವಂತ ಖಾತೆಯ ಬದಲು ಕಂಪನಿಯ ಖಾತೆಯಿಂದ ಹೋಯಿತು. ಬ್ರ್ಯಾಂಡಿನ ಮುಖ್ಯಸ್ಥೆ ತಮ್ಮ ಹೆಸರಿನಲ್ಲೇ ಕೂಡಲೇ ಕ್ಷಮೆ ಕೇಳಿದ್ದು ಸರಿಯಾದ ಕ್ರಮ. ಸ್ವಂತ ಖಾತೆ ಮತ್ತು ಕಂಪನಿಯ ಖಾತೆ ಒಂದೇ ಫೋನಿನಲ್ಲಿ ಇರಬಾರದೆಂದು ನಾನು ಹಠ ಹಿಡಿಯುವುದಕ್ಕೆ ಕಾರಣವೂ ಇದೇ.

ಇಷ್ಟು ಕೇಳಿದ ಕೂಡಲೇ ಕೆಲವರು ವಿರುದ್ಧ ದಿಕ್ಕಿಗೆ ವಾಲಿ, ಪ್ರತಿ ಪೋಸ್ಟಿಗೂ ಪ್ರತಿ ಉತ್ತರಕ್ಕೂ ನಾಲ್ವರ ಒಪ್ಪಿಗೆ ಬೇಕೆನ್ನುತ್ತಾರೆ. ಇದೂ ನಡೆಯದು. ಮಳಿಗೆಯ ಸಮಯ, ವಿತರಣೆಯ ವಿಳಂಬದಂಥ ಪ್ರಶ್ನೆಗಳಿಗೆ ಸಿಬ್ಬಂದಿಯೇ ಉತ್ತರಿಸಲಿ; ಬೆಲೆಯ ತಕರಾರು, ಸುರಕ್ಷತೆಯ ದೂರು, ಕಾನೂನಿನ ಮಾತು ಬಂದರೆ ಮಾತ್ರ ಹೆಸರಿಸಿದ ಒಬ್ಬರಿಗೆ ಹೋಗಲಿ. ಆ ಒಬ್ಬರು ರಜೆಯಲ್ಲಿದ್ದಾಗ ಯಾರೆಂಬುದೂ ಬರಹದಲ್ಲಿರಲಿ. ಹಣ ಕೊಟ್ಟು ಇನ್‌ಫ್ಲುಯೆನ್ಸರ್‌ಗಳಿಂದ ಮಾಡಿಸುವ ಪ್ರಚಾರವನ್ನು ಮಾತ್ರ ಒಪ್ಪಿಗೆಯಿಲ್ಲದೆ ಬಿಡಬೇಡಿ. ಅಂಥ ಸಂಬಂಧವನ್ನು ಬಹಿರಂಗಪಡಿಸಬೇಕೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿ ಹೇಳುತ್ತದೆ, ಮತ್ತು ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಬೀಳಬಹುದು.

ತುಮಕೂರಿನವರ ಖಾತೆ ಐದನೆಯ ಪ್ರಯತ್ನಕ್ಕೆ ತೆರೆಯಿತು. ಅದೇ ವಾರ ಕಂಪನಿಯ ಹೆಸರಿನಲ್ಲಿ ಒಂದು ಸಿಮ್ ಕೊಂಡು, ಎಲ್ಲ ಖಾತೆಗಳ ಓಟಿಪಿಯನ್ನೂ ಅದಕ್ಕೆ ವರ್ಗಾಯಿಸಿದೆವು. ಬಹಳ ದಿನ ಬಳಸದೆ, ರೀಚಾರ್ಜ್ ಮಾಡದೆ ಬಿಟ್ಟ ಸಂಖ್ಯೆ ರದ್ದಾಗಿ ಬೇರೊಬ್ಬರ ಪಾಲಾಗಬಹುದಾದ್ದರಿಂದ, ಅದರ ರೀಚಾರ್ಜನ್ನು ಕರೆಂಟ್ ಬಿಲ್ಲಿನ ಜೊತೆಗೆ ಲೆಕ್ಕದವರ ತಿಂಗಳ ಪಾವತಿಯ ಪಟ್ಟಿಗೆ ಸೇರಿಸಿದ್ದೇವೆ.