ಮೇಲಿನ ಸ್ವರ ಮುಟ್ಟಿದವನೇ ದೊಡ್ಡ ಗಾಯಕನಾ?

ಪ್ರಶ್ನೆ: ಸಾರ್, ಪಿ.ಬಿ. ಶ್ರೀನಿವಾಸ್, ಎಸ್.ಪಿ.ಬಿ., ಅಣ್ಣಾವ್ರು, ಈ ಮೂವರಲ್ಲಿ ನಿಮ್ಮ ಮೆಚ್ಚಿನ ಗಾಯಕ ಯಾರು? ಒಳ್ಳೆ ಕಂಠ ಅಂತ ಯಾವುದಕ್ಕೆ ಹೇಳಬೇಕು?

ಉತ್ತರ: ಪಿ.ಬಿ. ಶ್ರೀನಿವಾಸ್. ತಿಂಗಳಿಗೊಬ್ಬರಾದರೂ ಇದನ್ನು ಕೇಳುತ್ತಾರೆ, ನಾನೂ ಪ್ರತಿ ಸಲ ಇದನ್ನೇ ಹೇಳುತ್ತೇನೆ. ಅದರ ಹಿಂದೆ ಬರುವ ಮಾತು ನನಗೆ ಬಾಯಿಪಾಠ ಆಗಿಹೋಗಿದೆ. "ಆದ್ರೆ ಸಾರ್, ಅವರು ಹೈ ಪಿಚ್‌ನಲ್ಲಿ ಹಾಡಲ್ವಲ್ಲ?"

ಈ ಹೈ ಪಿಚ್ ಭೂತವನ್ನು ಬಿಡಿಸೋದರಲ್ಲೇ ನನ್ನ ಅರ್ಧ ಆಯಸ್ಸು ಕಳೆಯಿತು. ಟಿವಿ ಸ್ಪರ್ಧೆಯಲ್ಲಿ ಹುಡುಗ ಮೇಲಿನ ಸ್ವರ ಎಳೆದ ಅಂದರೆ ಸಾಕು, ಜಡ್ಜ್‌ಗಳು ಕುರ್ಚಿ ಬಿಟ್ಟು ಎದ್ದರು ಅಂತಲೇ. ಮಂದ್ರದ ಪಂಚಮ, ಅಂದರೆ ‘ಸಾ’ಗಿಂತ ಕೆಳಗಿನ ‘ಪ’, ನೆಟ್ಟಗೆ ನಿಲ್ಲಿಸಿದ್ದಕ್ಕೆ ಯಾರಾದರೂ ಎದ್ದು ನಿಂತಿದ್ದನ್ನು ನೋಡಿದ್ದೀರಾ?

ಸ್ವರ ಎಷ್ಟು ಎತ್ತರಕ್ಕೆ ಹೋಗುತ್ತೆ ಅನ್ನೋದು ಬಹಳ ಮಟ್ಟಿಗೆ ಗಂಟಲಿನ ಅಳತೆಯ ಮಾತು. ಗಂಡಸರ ಧ್ವನಿತಂತುಗಳು ಹೆಂಗಸರದ್ದಕ್ಕಿಂತ ಉದ್ದ, ದಪ್ಪ. ಹಾಗಾಗಿ ನಿಧಾನವಾಗಿ ಕಂಪಿಸುತ್ತವೆ. ಮಾತಾಡುವಾಗ ಗಂಡಸರದ್ದು ಸೆಕೆಂಡಿಗೆ ಹೆಚ್ಚುಕಡಿಮೆ 120 ಸಲ, ಹೆಂಗಸರದ್ದು 200ರ ಆಸುಪಾಸು. ಅದಕ್ಕೇ ಕರ್ನಾಟಕ ಸಂಗೀತದಲ್ಲಿ ಗಂಡಸರು ಸಾಮಾನ್ಯವಾಗಿ ಒಂದು, ಒಂದೂವರೆ, ಎರಡು ಮನೆ ಶ್ರುತಿ ಇಟ್ಟುಕೊಳ್ಳುತ್ತಾರೆ, ಹೆಂಗಸರು ಐದು, ಐದೂವರೆ. (ಹಾಡುವವರ ‘ಸಾ’ ಹಾರ್ಮೋನಿಯಂನ ಎಷ್ಟನೇ ಮನೆಯಲ್ಲಿದೆ ಅನ್ನೋ ಲೆಕ್ಕ ಇದು, ಸಂಖ್ಯೆ ಹೆಚ್ಚಿದಷ್ಟೂ ‘ಸಾ’ ಮೇಲೆ.) ಎತ್ತರವೇ ಅಳತೆಗೋಲಾದರೆ, ನನ್ನ ಹತ್ತಿರ ಸರಳೆ ವರಸೆ ಕಲಿಯುವ ಎಂಟು ವರ್ಷದ ಪುಟ್ಟಿ ಗದಗಿನ ಭೀಮಸೇನ ಜೋಶಿಯವರಿಗಿಂತ ದೊಡ್ಡ ಗಾಯಕಿ. ಭಾರತರತ್ನ ಅವಳಿಗೇ ಕೊಡಬೇಕಿತ್ತು, ಅಲ್ವಾ?

ಹೋದ ವಾರ ಒಬ್ಬ ಯುವಕ ಫೋನಿನಲ್ಲಿ ಕ್ಯಾರಿಯೋಕೆ ಹಾಕಿಕೊಂಡು ಹಾಡಿ ತೋರಿಸಿದ. ಪಲ್ಲವಿ ಚೆನ್ನಾಗಿತ್ತು. ಚರಣದಲ್ಲಿ ಸ್ವರ ಏರುತ್ತಿದ್ದ ಹಾಗೆ ಗದ್ದವೂ ಏರಿತು, ಕತ್ತಿನ ನರ ಉಬ್ಬಿತು. ಸ್ವರ ಮುಟ್ಟಿದ, ಸುಳ್ಳು ಹೇಳಬಾರದು. ಆದರೆ ಅಲ್ಲಿದ್ದ ‘ಪ್ರೀತಿ’ ‘ಪ್ರಾತಿ’ ಆಗಿತ್ತು. ವಾಪಸ್ ಪಲ್ಲವಿಗೆ ಇಳಿದಾಗ ದನಿಯಲ್ಲಿ ಬರೀ ಗಾಳಿ. "ಹೇಗಿತ್ತು ಸಾರ್?" ಅಂದ. "ನೀರು ಕುಡಿ" ಅಂದೆ.

ಈಗ ಎಸ್.ಪಿ.ಬಿ. ಅವರನ್ನು ನೆನೆಸಿಕೊಳ್ಳಿ. 1981ರ ಫೆಬ್ರವರಿ 8ರಂದು ಬೆಂಗಳೂರಿನಲ್ಲಿ ಉಪೇಂದ್ರ ಕುಮಾರ್ ಅವರ ಸಂಗೀತಕ್ಕೆ ಬೆಳಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರೊಳಗೆ 21 ಕನ್ನಡ ಹಾಡು ಹಾಡಿ ಮುಗಿಸಿದರು. ಎಲ್ಲರೂ ಇದನ್ನು ದಾಖಲೆ ಅಂತ ಹೇಳುತ್ತಾರೆ. ನನಗೆ ಕಾಣೋದು ಬೇರೆ. ಗಂಟಲು ಹಿಸುಕಿ ಹಾಡುವವರು ನಾಲ್ಕನೇ ಹಾಡಿಗೇ ಬಿಸಿನೀರು ಕೇಳುತ್ತಾರೆ. ರಾತ್ರಿಯ ಹಾಡಿಗೂ ದನಿ ಉಳಿಯಬೇಕು ಅಂದರೆ ಬೆಳಗಿನಿಂದ ಗಂಟಲಿನ ಜೊತೆ ಒಂದು ಸಲವೂ ಜಗಳ ಆಡಿರಬಾರದು.

ಹಾಗಾದರೆ ಪಿ.ಬಿ.ಎಸ್. ಯಾಕೆ? ಅವರು ಸಾಲು ಮುಗಿಸುವ ಜಾಗ ಕೇಳಿ. ಸಾಲಿನ ಶುರು ಯಾರು ಬೇಕಾದರೂ ಚೆನ್ನಾಗಿ ಹಾಡುತ್ತಾರೆ, ಉಸಿರು ತುಂಬಿರುತ್ತೆ. ಕೊನೆಯ ಅಕ್ಷರಕ್ಕೆ ಬರುವಾಗ ಬಂಡವಾಳ ಗೊತ್ತಾಗೋದು. ಅವರು ಅದನ್ನು ಬಿಸಾಡುವುದಿಲ್ಲ. ನಿದ್ದೆ ಬಂದ ಮಗುವನ್ನು ತೊಟ್ಟಿಲಿಗೆ ಇಡುವ ಹಾಗೆ ಇಡುತ್ತಾರೆ. ದನಿ ಸಣ್ಣದಾಗುತ್ತೆ, ಶ್ರುತಿ ಇಳಿಯಲ್ಲ. ಸುಲಭ ಅನ್ನಿಸಿದರೆ ತಂಬೂರಿ ಆ್ಯಪ್ ಹಾಕಿಕೊಂಡು ಮೆತ್ತಗೆ ‘ಸಾ’ ಹಿಡಿಯಿರಿ, ಹದಿನೈದು ಸೆಕೆಂಡು. ಕೊನೆಯ ಮೂರು ಸೆಕೆಂಡಿನಲ್ಲಿ ಏನಾಗುತ್ತೆ ಅಂತ ನೀವೇ ಕೇಳಿಸಿಕೊಳ್ಳಿ. ಕಾಕಿನಾಡದಲ್ಲಿ ಹುಟ್ಟಿದ ಮನುಷ್ಯ, ಅವರ ಕನ್ನಡದಲ್ಲಿ ಒಂದು ಒತ್ತಕ್ಷರ ಜಾರಿದ್ದು ನನ್ನ ಕಿವಿಗೆ ಬಿದ್ದಿಲ್ಲ.

ಅಣ್ಣಾವ್ರ ಅಭಿಮಾನಿಗಳು ಬೇಜಾರು ಮಾಡ್ಕೋಬೇಡಿ. ನಾಟಕದ ಕಂಪನಿಯಲ್ಲಿ ಬೆಳೆದ ದನಿ ಅದು. 1992ರ ‘ಜೀವನ ಚೈತ್ರ’ದ ಹಾಡಿಗೆ ರಾಷ್ಟ್ರಪ್ರಶಸ್ತಿ ಬಂತು, ಆಗ ಅವರಿಗೆ ಅರವತ್ತು ದಾಟಿತ್ತು. "ಅದರಲ್ಲಿ ಮೇಲೆ ಹೋಗಿದ್ದಾರಲ್ಲ" ಅಂತೀರಿ. ಹೋಗಿದ್ದಾರೆ, ಯಾರು ಇಲ್ಲ ಅಂದರು? ಆದರೆ ಅಲ್ಲೂ ಗಂಟಲು ಬಿಗಿಯಲ್ಲ. ವ್ಯತ್ಯಾಸ ಇರೋದು ಅಲ್ಲಿ.

ಇದರ ಜೊತೆಗೇ ಇನ್ನೊಂದು ಹೇಳಿಬಿಡುತ್ತೇನೆ, ನೀವು ಕೇಳದಿದ್ದರೂ. ಈ ಎತ್ತರದ ಹುಚ್ಚಿನಿಂದ ನಿಜವಾಗಿ ಹೊಡೆತ ತಿನ್ನೋದು ಹದಿಮೂರು ಹದಿನಾಲ್ಕರ ಹುಡುಗರು. ಆ ವಯಸ್ಸಿಗೆ ಧ್ವನಿಪೆಟ್ಟಿಗೆ ಬೆಳೆಯುತ್ತೆ, ತಂತು ಉದ್ದವಾಗುತ್ತೆ, ದನಿ ಹೆಚ್ಚುಕಡಿಮೆ ಒಂದು ಸ್ಥಾಯಿ, ಅಂದರೆ ಮೇಲಿನ ‘ಸಾ’ದಿಂದ ಕೆಳಗಿನ ‘ಸಾ’ದಷ್ಟು, ಕೆಳಗೆ ಇಳಿಯುತ್ತೆ. ಮನೆಯವರು "ಇವನ ಕಂಠ ಹೋಯ್ತು" ಅಂತ ಕ್ಲಾಸ್ ಬಿಡಿಸುತ್ತಾರೆ. ಇಲ್ಲವೇ ಹಳೇ ಶ್ರುತಿಯಲ್ಲೇ ಕಿರುಚಿಸುತ್ತಾರೆ, ಅದು ಇನ್ನೂ ಕೆಟ್ಟದ್ದು. ಮಾಡಬೇಕಾದ್ದು ಇಷ್ಟೇ: ಶ್ರುತಿ ಇಳಿಸಿ, ಹಾಡೋದು ಕಡಿಮೆ ಮಾಡಿಸಿ, ಕೇಳೋದು ಜಾಸ್ತಿ ಮಾಡಿಸಿ, ಕಾಯಿರಿ.

ನನ್ನ ಹತ್ತಿರ ಒಬ್ಬ ಇದ್ದಾನೆ. ಎರಡು ವರ್ಷದ ಹಿಂದೆ ಐದು ಮನೆಯಲ್ಲಿ ಗಂಟೆ ಹೊಡೆದ ಹಾಗೆ ಹಾಡುತ್ತಿದ್ದ. ನಡುವೆ ಒಂದಿಡೀ ವರ್ಷ ಅವನ ದನಿ ಎತ್ತ ಹೋಗುತ್ತೆ ಅಂತ ಅವನಿಗೇ ಗೊತ್ತಿರಲಿಲ್ಲ. ನಾಚಿಕೆಯಿಂದ ಹಿಂದಿನ ಸಾಲಿನಲ್ಲಿ ಕೂತು ಬರೀ ತಾಳ ಹಾಕುತ್ತಿದ್ದ. ಈಗ ಒಂದೂವರೆ ಮನೆಗೆ ಬಂದು ನಿಂತಿದ್ದಾನೆ, ಕೆಳಗಿನ ಪಂಚಮ ತುಂಬಿಕೊಂಡು ಬರುತ್ತಿದೆ. ಮೊನ್ನೆ ಅವನ ಅಮ್ಮ ಬಾಗಿಲಲ್ಲಿ ನಿಂತು ಕೇಳಿದರು, "ಆ ಮೊದಲಿನ ದನಿ ಯಾವಾಗ ವಾಪಸ್ ಬರುತ್ತೆ ಸಾರ್?"

"ಬರಲ್ಲಮ್ಮ" ಅಂದೆ. "ಇದೇ ಅವನ ದನಿ. ಒಳಗೆ ಬಂದು ಕೂತ್ಕೊಂಡು ಕೇಳಿ."